ಟೀವಿ ಹಾಕದೆ ಹಾಡು ಹಾಕುವುದು

೧

ಮೊದಲು ಟೀವಿ ಆರಿಸೋಣ. ಆದರೆ ಆರಿಸಬೇಕಾದರೆ ಅದು ಮೊದಲು ಉರಿಯುತ್ತಿರಬೇಕಲ್ಲ? ಸರಿ, ಹಾಗಾದರೆ ಮೊದಲು ಟೀವಿ ಹಾಕೋಣ. ಹಾಕಿದರೆ ಕಥೆ ಅಲ್ಲೇ ಕೆಟ್ಟು ಕೂರುತ್ತದೆ, ಯಾಕೆಂದರೆ ಟೀವಿ ಹಾಕದೆ ಹಾಡು ಹಾಕುವುದು ಹೇಗೆ ಎನ್ನುವುದೇ ಈ ಕಥೆಯ ಗೋಳು. ನೋಡಿದಿರಾ, ಇನ್ನೂ ಮೊದಲ ಪ್ಯಾರಾ ದಾಟಿಲ್ಲ, ಆಗಲೇ ನನ್ನ ತಲೆ ಗಿರ್ರೆನ್ನುತ್ತಿದೆ.

ಬೇರೆ ಥರ ಶುರು ಮಾಡುತ್ತೇನೆ. ಒಂದು ಕೋಣೆ. ಗೋಡೆಯ ಬದಿಗೆ ಮರದ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ದೊಡ್ಡ ಟೀವಿ. ಅದರ ಕೆಳಗೊಂದು ಕಪ್ಪು ಡಬ್ಬ, ಆಂಪ್ಲಿಫೈಯರ್ ಅನ್ನುತ್ತಾರಲ್ಲ, ಅದು. ಮೂಲೆ ಮೂಲೆಗೂ ಸ್ಪೀಕರು. ಸೋಫಾದ ಪಕ್ಕ ಸ್ಟೂಲಿನಷ್ಟು ಎತ್ತರದ ಇನ್ನೊಂದು ಡಬ್ಬ, ಅದರ ಕೆಲಸ ಗುಂಯ್‌ಗುಡುವುದು. ಎಲ್ಲ ಸೇರಿ ಹೋಮ್ ಥಿಯೇಟರ್. ಎದುರಿಗೊಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕ. ಅವನ ಕಣ್ಣು ಕೆಂಡದ ಹಾಗೆ ಕೆಂಪಾಗಿದೆ, ತಟ್ಟೆಯಲ್ಲಿ ಬ್ರೆಡ್ಡು ಒಣಗಿದೆ.

(ಮುದುಕ ಅಂತ ಬರೆದದ್ದಕ್ಕೆ ಈಗಾಗಲೇ ಒಬ್ಬರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ತಪ್ಪಾಯಿತು. ಇನ್ನು ಮುಂದೆ ಬಹುವಚನ.)

೨

ಹಾಗೆ ನೋಡುತ್ತಿರುವವಳು ಅವರ ಮಗಳು. ಮೊದಲ ಕರಡಿನಲ್ಲಿ ಅವಳನ್ನು ಶಾಲೆಯ ಟೀಚರ್ ಮಾಡಿದ್ದೆ. ಕಥೆಗೆ ಟೀಚರು ಒಳ್ಳೆಯದು, ಸಾಯಂಕಾಲ ಬೇಗ ಮನೆಗೆ ಬರುತ್ತಾರೆ. ಎರಡು ಪುಟ ಆಗುವಷ್ಟರಲ್ಲಿ ಅವಳೇ ಬಂದು ಮೇಜಿನ ಮುಂದೆ ನಿಂತಳು.

"ನಾನ್ಯಾವಾಗ ಪಾಠ ಮಾಡ್ದೆ ಕಥೆಗಾರರೇ?"

"ಸುಮ್ನೆ, ಅನುಕೂಲಕ್ಕೆ ಅಂತ."

"ಯಾರ ಅನುಕೂಲಕ್ಕೆ? ಕೆಳಗೆ ಬಂದು ನೋಡಿ."

ಕೆಳಗೆ ಹೋಗಿ ನೋಡಿದೆ. ಲಾಂಡ್ರಿ. ಮುಂದೆ ಕೌಂಟರು, ಹಿಂದೆ ಎರಡು ದೊಡ್ಡ ಮಷೀನು, ಬುಸ್ಸೆನ್ನುವ ಸ್ಟೀಮ್ ಇಸ್ತ್ರಿ, ಪ್ಲಾಸ್ಟಿಕ್ ಕವರಿನೊಳಗೆ ನೇತಾಡುತ್ತಿರುವ ಊರವರ ಕೋಟುಗಳು. ಪ್ರತಿಯೊಂದರ ಕಾಲರಿಗೂ ಒಂದೊಂದು ಚೀಟಿ, ಚೀಟಿಗೊಂದು ಪಿನ್ನು. ಅವಳ ಬೆರಳ ತುದಿಗಳೆಲ್ಲ ಆ ಪಿನ್ನಿನಿಂದ ಒರಟಾಗಿವೆ. ಬೀದಿಯವರೆಲ್ಲ ಅವಳನ್ನು ಲಾಂಡ್ರಿ ಅಕ್ಕ ಅನ್ನುತ್ತಾರೆ, ನಾನೂ ಅಕ್ಕ ಅಂತಲೇ ಕರೆಯುತ್ತೇನೆ. ಕೌಂಟರಿನ ಹಿಂದಿನಿಂದ ಮೆಟ್ಟಿಲು ಹತ್ತಿದರೆ ಮನೆ. ದಿನಕ್ಕೆಷ್ಟು ಸಲ ಹತ್ತಿ ಇಳಿಯುತ್ತಾಳೋ ಅವಳ ಮಂಡಿಗೇ ಗೊತ್ತು.

ಅಪ್ಪ ಇರುವುದು ಮೇಲೆ. ಅವರು ಬದುಕಿಡೀ ಸಿನಿಮಾ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು. ಎಲ್ಲರೂ ಅವರನ್ನು ಆಪರೇಟರ್ ಅಂತಲೇ ಕರೆದು ಕರೆದು, ನಿಜವಾದ ಹೆಸರು ಈಗ ಔಷಧಿ ಚೀಟಿಯ ಮೇಲೆ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಆ ಥಿಯೇಟರ್ ಕೆಡವಿ ಯಾವುದೋ ಕಾಲವಾಯಿತು, ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಆದರೆ ಅವರ ತಲೆಯೊಳಗೆ ಅದು ಇನ್ನೂ ನಡೆಯುತ್ತಿದೆ. ಮರೆವಿನ ಕಾಯಿಲೆ. ಮಗಳ ಮುಖ, ಹೆಂಡತಿ ತೀರಿಕೊಂಡದ್ದು, ಚಪ್ಪಲಿ ಯಾವ ಕಾಲಿಗೆ ಎನ್ನುವುದು, ಎಲ್ಲ ಮರೆತಿದ್ದಾರೆ. ಡ್ಯೂಟಿ ಮಾತ್ರ ಮರೆತಿಲ್ಲ. ಮಗಳನ್ನು ಥಿಯೇಟರಿನ ಮ್ಯಾನೇಜರ್ ಅಂದುಕೊಂಡು 'ಸಾರ್' ಅನ್ನುತ್ತಾರೆ.

೩

ಇನ್ನು ಪೇಚಾಟಕ್ಕೆ ಬರೋಣ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ನಾನು ತಿಳಿದುಕೊಳ್ಳುವುದಕ್ಕೆ ಮೂರು ಕರಡು ಹಾಳಾದವು.

ಮನೆ ನಿಶ್ಶಬ್ದವಾಗಿದ್ದರೆ ಆಪರೇಟರಿಗೆ ತಾನು ಇನ್ನೂ ಥಿಯೇಟರಿಗೆ ಹೋಗೇ ಇಲ್ಲ, ಡ್ಯೂಟಿಗೆ ತಡವಾಯಿತು ಅನ್ನಿಸುತ್ತದೆ. ಎದ್ದು ಮೆಟ್ಟಿಲಿಳಿದು ಹೊರಟುಬಿಡುತ್ತಾರೆ. ಹೋದ ವಾರ ದೊಡ್ಡ ರಸ್ತೆಯ ನಟ್ಟನಡುವೆ ನಿಂತು ಟ್ರಾಫಿಕ್ ಪೊಲೀಸನ ಹತ್ತಿರ ಪ್ರೊಜೆಕ್ಟರ್ ಕ್ಯಾಬಿನ್ನಿನ ಬೀಗದ ಕೈ ಕೇಳುತ್ತಿದ್ದರು, ಅತ್ತಲಿಂದ ಇತ್ತಲಿಂದ ಲಾರಿ. ಅಕ್ಕ ಇಸ್ತ್ರಿ ಬಿಟ್ಟು ಓಡಿದ್ದಳು, ಯಾರದೋ ಬಿಳಿ ಪ್ಯಾಂಟು ಸುಟ್ಟಿತ್ತು.

ಹಾಡು ಕೇಳುತ್ತಿದ್ದರೆ ಆಪರೇಟರ್ ಏಳುವುದಿಲ್ಲ. ಥಿಯೇಟರಿನಲ್ಲೇ ಇದ್ದೇನಲ್ಲ ಅಂತ ಸಮಾಧಾನ. ಆದರೆ ಈ ಮನೆಯಲ್ಲಿ ಹಾಡು ಬರುವುದು ಟೀವಿಯ ಮೂಲಕ, ಟೀವಿ ಹಾಕಿದರೆ ಚಿತ್ರವೂ ಬರುತ್ತದೆ. ಸ್ಕ್ರೀನಿನ ಮೇಲೆ ಚಿತ್ರ ಬಂತೋ, ಆಟ ಶುರು. ಆಟ ನಡೆಯುವಾಗ ಆಪರೇಟರ್ ಊಟ ಮಾಡುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ರೀಲು ಬದಲಿಸಬೇಕಲ್ಲ? ಹಾಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾರೆ. ಬಾಯಿಗೆ ಚಮಚ ತಂದರೆ ಕೈ ತಳ್ಳಿಬಿಡುತ್ತಾರೆ.

ಅಂದರೆ ಹಾಡು ಬೇಕು, ಟೀವಿ ಬೇಡ. ಬೇಕಾಗಿರುವುದು ಇಷ್ಟೇ.

(ಒಂದು ಸಣ್ಣ ರೇಡಿಯೋ ಇಡಬಾರದೇ, ಫೋನಿನಲ್ಲೇ ಹಾಡು ಹಾಕಬಾರದೇ ಅಂತ ಕೇಳುತ್ತೀರಿ. ಜಾಣರು ನೀವು. ಆಪರೇಟರ್ ವರ್ಷಗಟ್ಟಲೆ ಕಟಕಟ ಅನ್ನುವ ಮಷೀನಿನ ಪಕ್ಕ ನಿಂತವರು, ಕಿವಿ ಮುಕ್ಕಾಲು ಹೋಗಿದೆ. ಸಣ್ಣ ಸದ್ದು ಅವರಿಗೆ ಮುಟ್ಟುವುದಿಲ್ಲ. ಆ ಗುಂಯ್‌ಗುಡುವ ಡಬ್ಬವೇ ಬೇಕು.)

ಈ ಹೋಮ್ ಥಿಯೇಟರ್ ತಂದು ಕೂರಿಸಿದವನು ಅಕ್ಕನ ತಮ್ಮ. ಪಕ್ಕದ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡಿಸುವ ಸೂಪರ್‌ವೈಸರ್. 'ಅಪ್ಪಂಗೆ ಥಿಯೇಟರನ್ನೇ ಮನೆಗೆ ತಂದಿದೀನಿ' ಅಂತ ಎದೆಯುಬ್ಬಿಸಿ ಹೇಳಿದ್ದ. ಈಗ ಅವನೇ ಫೋನ್ ಮಾಡಿ ಬೇರೆ ಮಾತು ಹೇಳಿದ.

"ಅಕ್ಕಾ, ರಸ್ತೇಲಿ ಹೋಗಿ ನಿಂತ್ಕೊಂಡ್ರೆ ಇನ್ನು ಮನೇಲಿ ಇಟ್ಕೊಳಕ್ಕಾಗಲ್ಲ. ಕೇರ್ ಹೋಮಲ್ಲಿ ಮಾತಾಡಿದೀನಿ. ಭಾನುವಾರ ಬರ್ತೀನಿ."

"ಅಲ್ಲಿ ಬಾಗಿಲಿಗೆ ಬೀಗ ಹಾಕ್ತಾರೆ ಕಣೋ."

"ಅದಕ್ಕೇ ಸೇರ್ಸೋದು. ಭಾನುವಾರದೊಳಗೆ ಅವರು ಒಂದು ಹೊತ್ತು ನೆಟ್ಟಗೆ ಊಟ ಮಾಡಿ, ಕೂತ ಜಾಗದಲ್ಲಿ ನಿದ್ದೆ ಮಾಡಿದ್ರೆ ಹೇಳು. ನಾನೇ ಬೇಡ ಅಂತೀನಿ."

ಇದೇ ಪಂದ್ಯ. ಒಂದು ಊಟ, ಒಂದು ನಿದ್ದೆ, ಇಲ್ಲದಿದ್ದರೆ ಬೀಗ.

೪

ಅಕ್ಕ ಮೊದಲು ಮಾಡಿದ್ದು ಲಾಂಡ್ರಿಯವರು ಯಾರಾದರೂ ಮಾಡುವ ಕೆಲಸ. ಟೀವಿಯಲ್ಲಿ ಹಾಡು ಹಾಕಿ, ಟೀವಿಯ ಮೇಲೆ ಒಂದು ಬೆಡ್‌ಶೀಟ್ ಹೊದಿಸಿದಳು. ಬಿಳಿ ಬೆಡ್‌ಶೀಟು, ಮೇಲೆ ಹಳದಿ ಹೂವು. ಚಿತ್ರ ಕಾಣುವುದಿಲ್ಲ, ಹಾಡು ಕೇಳುತ್ತದೆ, ಮುಗಿಯಿತಲ್ಲ?

ಬೆಡ್‌ಶೀಟಿನ ಹಿಂದಿನಿಂದ ಬೆಳಕು ಕುಣಿಯತೊಡಗಿತು. ಆಪರೇಟರ್ ಸಟಕ್ಕನೆ ಎದ್ದು ಕೂತರು.

"ಸಾರ್, ಪರದೆ ತೆಗ್ಸಿ."

"ಇರ್ಲಿ ಬಿಡಪ್ಪಾ."

"ಪಿಕ್ಚರ್ ಓಡ್ತಿದೆ ಸಾರ್, ಪರದೆ ತೆಗೆದಿಲ್ಲ. ಹೂವಿನ ಪರದೆ ಯಾವನು ತಂದದ್ದು?" ಎನ್ನುತ್ತ ಬೆಡ್‌ಶೀಟನ್ನು ಎಳೆದು ನೆಲಕ್ಕೆ ಬಿಸಾಕಿದರು. ಅವಳು ಮತ್ತೆ ಹೊದಿಸಿದಳು, ಅವರು ಮತ್ತೆ ಎಳೆದರು. ಮಧ್ಯಾಹ್ನವೆಲ್ಲ ಅಪ್ಪ ಮಗಳು ಇದನ್ನೇ ಆಡಿದರು.

ಅಕ್ಕನಿಗೆ ಅರ್ಥವಾದದ್ದು ಇಷ್ಟು: ಅಪ್ಪನಿಗೆ ಬೆಡ್‌ಶೀಟು ಹಿಡಿಸಲಿಲ್ಲ. ನನಗೂ ಅಷ್ಟೇ ಅರ್ಥವಾಗಿದ್ದು. ಅವರು ಆಡಿದ ಮಾತನ್ನು ನಾನೇ ಕೈಯಾರೆ ಬರೆದೂ ಕಿವಿಗೆ ಹಾಕಿಕೊಳ್ಳಲಿಲ್ಲ, ಮುಂದಿನ ಪುಟಕ್ಕೆ ಓಡಿದೆ.

೫

ಶುಕ್ರವಾರ ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ಅವನು ಯಾವುದೋ ಕಟ್ಟಡದ ಲಿಫ್ಟಿನ ಹೊಂಡದೊಳಗಿದ್ದ, ಮಾತು ಬಾವಿಯಿಂದ ಬಂದ ಹಾಗೆ ಬರುತ್ತಿತ್ತು.

"ಟೀವಿ ಇಲ್ದೆ ಹೋಮ್ ಥಿಯೇಟರ್ ಯಾಕಕ್ಕಾ? ಅಷ್ಟು ಕಷ್ಟಪಟ್ಟು ಸೆಟ್ ಮಾಡಿದೀನಿ."

"ನೀನು ಕಷ್ಟಪಟ್ಟಿದ್ದು ಗೊತ್ತು. ಈಗ ನಾನು ಪಡ್ತಿರೋದನ್ನ ಕೇಳು. ಹಾಡು ಮಾತ್ರ ಬರೋ ಹಾಗೆ ಮಾಡು."

"ಸರಿ. ಬೂದು ಬಣ್ಣದ ರಿಮೋಟ್ ತಗೋ."

"ಎರಡೂ ಕರೀವೇ ಇವೆ."

"ಒಂದು ಬೂದು, ಒಂದು ಕಪ್ಪು. ಕನ್ನಡಕ ಹಾಕ್ಕೋ."

ಅವಳು ಕನ್ನಡಕ ಹಾಕಿಕೊಂಡಳು. ಒಂದು ಬೂದು, ಒಂದು ಕಪ್ಪು. ಅದನ್ನು ಒಪ್ಪಿಕೊಳ್ಳದೆ, "ಮುಂದೆ ಹೇಳು" ಅಂದಳು.

"ಪವರ್ ಒತ್ತು."

ಡಬ್ಬಕ್ಕೆ ನೀಲಿ ದೀಪ ಬಂತು. ಅದರ ಹಿಂದೆಯೇ ಟೀವಿ ತಾನಾಗಿ ಹೊತ್ತಿಕೊಂಡಿತು. ಆಪರೇಟರ್ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಟೀವೀನೂ ಆನ್ ಆಯ್ತಲ್ಲೋ."

"ಆಗುತ್ತೆ. ಹಾಗೆ ಸೆಟ್ ಮಾಡಿದೀನಿ. ನಿಂಗೆ ಎರಡೆರಡು ಸಲ ಒತ್ತೋ ಕಷ್ಟ ಬೇಡ ಅಂತ."

"ನಂಗೆ ಆ ಕಷ್ಟ ಬೇಕು. ತೆಗಿ ಅದನ್ನ."

"ತೆಗೀಬೇಕಾದ್ರೆ ಸೆಟ್ಟಿಂಗ್ಸ್‌ಗೆ ಹೋಗ್ಬೇಕು."

"ಹೇಗೆ ಹೋಗೋದು?"

"ಅದಕ್ಕೆ ಟೀವಿ ಆನ್ ಇರ್ಲೇಬೇಕು."

(ಇಲ್ಲಿ ನಾನು ನಕ್ಕೆ. ಅಕ್ಕ ನಗಲಿಲ್ಲ. ಕಥೆ ಬರೆಯುವವನಿಗೂ ಕಥೆಯೊಳಗಿರುವವರಿಗೂ ಇರುವ ವ್ಯತ್ಯಾಸ ಅಷ್ಟೇ ಇರಬಹುದು. ಗೊತ್ತಿಲ್ಲ, ಇದನ್ನು ಆಮೇಲೆ ಹೊಡೆದುಹಾಕುತ್ತೇನೆ.)

ಟೀವಿಯ ಮೇಲೆ ಸೆಟ್ಟಿಂಗ್ಸ್ ಬಂತು. ಒಂದರ ಕೆಳಗೊಂದು ಸಾಲು, ಸಾಲಿನ ಮುಂದೆ ಗುಂಡಿ. ಆಪರೇಟರ್ ಅದನ್ನು ಗಮನವಿಟ್ಟು ಓದಿದರು. "ಸ್ಲೈಡ್ ಹಾಕಿದಾರೆ. ಯಾವ ಅಂಗಡಿ ಜಾಹೀರಾತು ಸಾರ್ ಇದು? ಅಡ್ರೆಸ್ಸೇ ಇಲ್ಲ" ಎಂದರು. ಅಕ್ಕ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಿಮೋಟು ಹಿಡಿದು, ಕೆಳಗೆ ಗಿರಾಕಿ ಬೆಲ್ ಒತ್ತುತ್ತಿದ್ದರೂ ಕೇಳದವಳಂತೆ, ತಮ್ಮ ಹೇಳಿದ ಗುಂಡಿಯನ್ನೆಲ್ಲ ಒತ್ತುತ್ತ ಹೋದಳು. ಒಮ್ಮೆ ಭಾಷೆ ಬದಲಾಗಿ ಯಾವುದೋ ಅರ್ಥವಾಗದ ಅಕ್ಷರ ಬಂತು. ಒಮ್ಮೆ ಎಲ್ಲ ಸೇರಿ ಸುಮ್ಮನಾದವು. ಶನಿವಾರ ಬೆಳಗ್ಗೆ ಮತ್ತೆ ಕೂತರು, ಅವನು ಬೇರೆ ಲಿಫ್ಟಿನಲ್ಲಿ, ಅವಳು ಅದೇ ನೆಲದ ಮೇಲೆ. ಕೊನೆಗೂ ಟೀವಿಗೂ ಡಬ್ಬಕ್ಕೂ ಇದ್ದ ಕೊಂಡಿ ತಪ್ಪಿತು. ಅವಳ ಫೋನಿನಿಂದ ಹಾಡು ನೇರವಾಗಿ ಡಬ್ಬಕ್ಕೆ ಹೋಗತೊಡಗಿತು.

ಅವಳು ಕಪ್ಪು ರಿಮೋಟು ಎತ್ತಿ ಟೀವಿ ಆರಿಸಿದಳು. ಸ್ಕ್ರೀನು ಕಪ್ಪಾಯಿತು. ಹಾಡು ನಿಲ್ಲಲಿಲ್ಲ. ಮಾತಿಲ್ಲದ ವಾದ್ಯಸಂಗೀತ ಕೋಣೆ ತುಂಬ ಹರಿಯಿತು, ಸೋಫಾದ ಪಕ್ಕದ ಡಬ್ಬ ಗುಂಯ್‌ಗುಟ್ಟಿತು. ಅವಳು ರಿಮೋಟನ್ನು ಎದೆಗೆ ಅವುಚಿಕೊಂಡು ಕೂತಳು.

೬ (ಮುಕ್ತಾಯ)

ಹಾಡು ಹರಿಯುತ್ತಿತ್ತು. ಆಪರೇಟರ್ ಕಪ್ಪು ಸ್ಕ್ರೀನನ್ನು ನೋಡಿದರು. ಎಷ್ಟೋ ದಿನದ ಆಯಾಸ ಅವರ ಭುಜದಿಂದ ಇಳಿಯಿತು. ತಟ್ಟೆಯತ್ತ ಕೈ ಚಾಚಿದರು. ಆಮೇಲೆ ಮಗುವಿನಂತೆ ಮಲಗಿದರು. ಅಕ್ಕ ಕಣ್ಣೊರೆಸಿಕೊಂಡಳು.

೬ (ನಿಜವಾಗಿ ಆದದ್ದು)

"ನಾನೆಲ್ಲಿ ಕಣ್ಣೊರೆಸ್ಕೊಂಡೆ?" ಎನ್ನುತ್ತ ಅಕ್ಕ ಬಂದಳು. "ಒರೆಸಿದ್ದು ಅಪ್ಪನ ಹಣೆ. ರಕ್ತ. ಅದನ್ನ ಬರೀರಿ."

ಬರೆಯುತ್ತೇನೆ. ಸ್ಕ್ರೀನು ಕಪ್ಪಾಗಿ ಹಾಡು ಮಾತ್ರ ಉಳಿದ ಕೂಡಲೇ ಆಪರೇಟರ ಮುಖ ಬಿಳಿಚಿಕೊಂಡಿತು. ಅವರು ಕೂಗಲಿಲ್ಲ. ದನಿ ತಗ್ಗಿಸಿ, ಅಕ್ಕನಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ಲ್ಯಾಂಪ್ ಹೋಗಿದೆ ಸಾರ್. ಸೌಂಡ್ ಬರ್ತಿದೆ, ಪಿಕ್ಚರ್ ಇಲ್ಲ. ಜನ ಈಗ ಸೀಟ್ ಹರೀತಾರೆ."

ಅವಳು ಏಳುವಷ್ಟರಲ್ಲಿ ಅವರು ಟೀವಿಯ ಹಿಂದಕ್ಕೆ ಹೋಗಿ ಕೈ ತೂರಿಸಿ ವೈರು ಜಗ್ಗಿದ್ದರು. ಟೀವಿ ಮುಂದಕ್ಕೆ ಬಾಗಿತು. ಅವಳು ಬೆನ್ನು ಕೊಟ್ಟು ಟೀವಿಯನ್ನು ಹಿಡಿದಳು, ಅಪ್ಪನನ್ನು ಹಿಡಿಯಲಾಗಲಿಲ್ಲ. ಮರದ ಸ್ಟ್ಯಾಂಡಿನ ಅಂಚು ಅವರ ಹಣೆಗೆ ಬಡಿಯಿತು. ಇಷ್ಟೆಲ್ಲ ಆಗುವಾಗ ಹಾಡು ಖುಷಿಯಾಗಿ ನಡೆಯುತ್ತಲೇ ಇತ್ತು. ಬರಿಸುವುದನ್ನು ತಮ್ಮ ಹೇಳಿಕೊಟ್ಟಿದ್ದ, ಟೀವಿ ಇಲ್ಲದೆ ನಿಲ್ಲಿಸುವುದನ್ನು ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನ ಅವನು ವಿಡಿಯೋ ಕಾಲ್ ಮಾಡಿದ. ಹಣೆಯ ಪಟ್ಟಿ ನೋಡಿದ.

"ಬ್ಯಾಗ್ ರೆಡಿ ಮಾಡಿಡಕ್ಕಾ," ಅಂದ. "ನಾಳೆ ಹತ್ತಕ್ಕೆಲ್ಲಾ ಬರ್ತೀನಿ."

೭

ನನ್ನ ಕೈಕಾಲು ಆಡಲಿಲ್ಲ. ಕಥೆ ಇಂಥ ಕಡೆ ನಿಂತಾಗ ಪಾತ್ರಕ್ಕೆ ಏನು ಬೇಕು ಅಂತ ಕೇಳಬೇಕು, ಆಗ ದಾರಿ ತೆರೆಯುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಅಂಗಡಿಗೆ ಹೋಗಿ ಕೌಂಟರಿನ ಮುಂದೆ ನಿಂತೆ. ಅಕ್ಕ ಯಾರದೋ ಅಂಗಿಯ ತೋಳು ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕಾ, ನಿಮಗೆ ಏನು ಬೇಕು? ಅಪ್ಪ ಇರಬೇಕೋ, ಹೋಗಬೇಕೋ?"

"ಬೆಳಗ್ಗೆ ಕೇಳಿದ್ರೆ ಇರ್ಲಿ ಅಂತೀನಿ. ಸಂಜೆ ಕೇಳಿದ್ರೆ ಹೋಗ್ಲಿ ಅಂತೀನಿ. ಮಧ್ಯಾಹ್ನ ಕೇಳ್ಬೇಡಿ, ಅಂಗಡೀಲಿ ಜನ ಇರ್ತಾರೆ."

"ಹಾಗಂದ್ರೆ ಹೇಗೆ? ಓದುಗರು ಗೊಂದಲಕ್ಕೆ ಬೀಳ್ತಾರೆ."

"ಬೀಳ್ಲಿ. ನಾನು ಬಿದ್ದಿಲ್ವಾ?" ಅವಳು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದಳು. "ಅಪ್ಪ ಅಂದ್ರೆ ನಂಗೆ ಪ್ರಾಣ. ಅಪ್ಪ ನಂಗೆ ಸಾಕಾಗಿ ಹೋಗಿದಾರೆ. ಎರಡನ್ನೂ ಒಟ್ಟೊಟ್ಟಿಗೆ ಬರೀರಿ, ನಡುವೆ 'ಆದರೆ' ಗೀದರೆ ಹಾಕ್ಬೇಡಿ."

"ಹಾಗಾದ್ರೆ ಕೇರ್ ಹೋಮ್ ವ್ಯಾನ್ ಬರುತ್ತೆ, ಅಪ್ಪ ಅದನ್ನ ಥಿಯೇಟರ್ ವ್ಯಾನ್ ಅಂದ್ಕೊಂಡು ನಗ್ತಾ ಹತ್ತಿ ಹೋಗ್ತಾರೆ ಅಂತ ಮುಗಿಸಲಾ? ಚೆನ್ನಾಗಿರುತ್ತೆ. ಜನ ಅಳ್ತಾರೆ."

ಅವಳು ನನ್ನನ್ನು ನೋಡಿದ ನೋಟ ನಾನು ಬರೆಯುವುದಿಲ್ಲ. ಆ ಮುಕ್ತಾಯದ ಹಾಳೆಯನ್ನು ಅಲ್ಲೇ ಹರಿದು ಅವಳ ಕಸದ ಬುಟ್ಟಿಗೆ ಹಾಕಿದೆ. ಅವಳು ಮತ್ತೆ ಅಂಗಿಗೆ ಬಗ್ಗಿದಳು. ಉಗಿ ಅವಳ ಮುಖ ಮುಚ್ಚಿತ್ತು, ಅತ್ತಳೋ ಇಲ್ಲವೋ ಕಾಣಲಿಲ್ಲ. (ಕಂಡಿದ್ದರೂ ಬರೆಯುವ ಧೈರ್ಯ ನನಗೆ ಇರಲಿಲ್ಲ.)

೮

ಮುಂದಿನ ಭಾಗಕ್ಕೆ ನಾನು ಒಬ್ಬ ಇಂಜಿನಿಯರನ್ನು ಕರೆಸಿದ್ದೆ. ಕನ್ನಡಕ, ಬ್ಯಾಗು, ಎಲ್ಲ ಕೊಟ್ಟು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಅವನು ಬರುವ ಅಗತ್ಯವೇ ಬೀಳಲಿಲ್ಲ. ಪಾಪ, ಹಾಗೇ ವಾಪಸ್ ಹೋದ.

ಶನಿವಾರ ಸಂಜೆ ಅಂಗಡಿಗೆ ಬೀಗ ಹಾಕಿ ಅಕ್ಕ ಮೇಲೆ ಬಂದಳು. ಬ್ಯಾಗಿಗೆ ಅಪ್ಪನ ಅಂಗಿಗಳನ್ನು ಜೋಡಿಸಿದಳು, ತೆಗೆದಳು, ಮತ್ತೆ ಜೋಡಿಸಿದಳು. ಆಮೇಲೆ ಹಣೆಯ ಪಟ್ಟಿ ಬದಲಿಸಲು ಕುರ್ಚಿಯ ಮುಂದೆ ಕೂತಳು. ಹಾಡೂ ಇರಲಿಲ್ಲ, ಟೀವಿಯೂ ಇರಲಿಲ್ಲ. ಅವರು ಎದ್ದು ಹೊರಡದಿರಲಿ ಅಂತ ಸುಮ್ಮನೆ ಮಾತಿಗೆ ಎಳೆದಳು.

"ಅಪ್ಪಾ, ನಿಜವಾಗ್ಲೂ ಲ್ಯಾಂಪ್ ಹೋದ್ರೆ ನೀನು ಏನ್ಮಾಡ್ತಿದ್ದೆ?"

ಅವರು ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು. "ನೀವು ಹೊಸಬ್ರಾ ಸಾರ್?"

"ಹೂಂ. ನಿನ್ನೆ ಸೇರಿದೆ."

"ಅದಕ್ಕೇ ಗೊತ್ತಿಲ್ಲ. ಮೊದ್ಲು ಪರದೆ ಮುಚ್ಚಿಸ್ಬೇಕು. ಆಮೇಲೆ ಹಾಡು ಹಾಕ್ಬೇಕು. ಬರೀ ಸ್ಕ್ರೀನ್ ಕಪ್ಪಗಾದ್ರೆ ಜನ ಗಲಾಟೆ ಮಾಡ್ತಾರೆ. ಪರದೆ ಮುಚ್ಚಿ ಹಾಡು ಬಂದ್ರೆ ಏನೂ ಅನ್ನಲ್ಲ. ಆಟ ಇನ್ನೂ ಶುರುವಾಗಿಲ್ಲ ಅಂದ್ಕೊಂಡು ಸುಮ್ನೆ ಕೂತಿರ್ತಾರೆ."

ಪಟ್ಟಿ ಹಿಡಿದಿದ್ದ ಅಕ್ಕನ ಕೈ ಅಲ್ಲೇ ನಿಂತಿತು.

"ಆಗ ನೀನು ಏನ್ಮಾಡ್ತೀಯ?"

"ಆಗ ನಂಗೇನು ಕೆಲ್ಸ? ಡಬ್ಬಿ ಬಿಚ್ಚಿ ಊಟ ಮಾಡ್ತೀನಿ. ಹಾಗೇ ಗೋಡೆಗೆ ಒರಗಿ ಒಂದು ಕಣ್ಣು ನಿದ್ದೆ ತೆಗೀತೀನಿ. ಪರದೆ ಏಳೋವರೆಗೆ ಆಪರೇಟರನ್ನ ಯಾರೂ ಕೇಳಂಗಿಲ್ಲ."

ಓದುಗರೇ, ಈ ಮನೆಯಲ್ಲಿ ಆದ ತಪ್ಪು ಇಷ್ಟೇ. ಟೀವಿ ಉರಿಯುವಾಗ ಬಟ್ಟೆ ಹೊದಿಸಿದಳು, ಆರಿಸಿದಾಗ ಹೊದಿಸಲಿಲ್ಲ. ಆಟ ನಡೆಯುವಾಗ ಪರದೆ ಮುಚ್ಚಿದ ಹಾಗೆ, ಆಟ ಕೆಟ್ಟಾಗ ಪರದೆ ತೆರೆದಿಟ್ಟ ಹಾಗೆ. ಎರಡೂ ಉಲ್ಟಾ. ಬೇರೆ ಯಾವ ಮನೆಯಲ್ಲಾದರೂ ಟೀವಿ ಆರಿಸಿದ ಮೇಲೆ ಅದಕ್ಕೆ ಬಟ್ಟೆ ಹೊದಿಸುವುದಕ್ಕೆ ಏನೂ ಅರ್ಥವಿಲ್ಲ. ಇಲ್ಲಿ ಅದೊಂದಕ್ಕೇ ಅರ್ಥವಿತ್ತು. ಅವರು ನಾಲ್ಕನೇ ಭಾಗದಲ್ಲೇ ಹೇಳಿದ್ದರು, ಪರದೆ ತೆಗ್ಸಿ ಪಿಕ್ಚರ್ ಓಡ್ತಿದೆ ಅಂತ. ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ನಾನೂ ಚಚ್ಚಿಕೊಂಡೆ.

೯

ಭಾನುವಾರ ಬೆಳಗ್ಗೆ ಅವಳು ಕೆಳಗಿನಿಂದ ಚಕ್ರವಿರುವ ಬಟ್ಟೆ ಸ್ಟ್ಯಾಂಡನ್ನು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಎಳೆದು ತಂದಳು. ಅದರ ಮೇಲೆ ಒಂದು ಲಾಡ್ಜಿನ ಮೀಟಿಂಗ್ ಹಾಲಿನ ಪರದೆ. ಗಾಢ ಕೆಂಪು ವೆಲ್ವೆಟ್ಟು, ನೆಲ ಮುಟ್ಟುವಷ್ಟು ಉದ್ದ. ಒಗೆದು ಆಗಿತ್ತು, ಸೋಮವಾರ ಒಯ್ಯಲು ಬರುತ್ತಾರೆ. ಗಿರಾಕಿಯ ಬಟ್ಟೆ ಬಳಸಬಾರದು ಎನ್ನುವುದು ಲಾಂಡ್ರಿಯವರ ಮೊದಲ ಪಾಠ. ಅವಳು ಅದನ್ನು ನನ್ನ ಎದುರಿಗೇ ಮುರಿದಳು.

ಸ್ಟ್ಯಾಂಡು ಟೀವಿಯ ಮುಂದೆ ನಿಂತಿತು. ಟೀವಿ ಆರಿತ್ತು, ಅದರ ಸಣ್ಣ ಕೆಂಪು ದೀಪ ಕೂಡ ಕಾಣದ ಹಾಗೆ ಅವಳು ಸ್ವಿಚ್ಚನ್ನೇ ಆರಿಸಿದ್ದಳು. ಬೂದು ರಿಮೋಟು ಒತ್ತಿದಳು. ಡಬ್ಬಕ್ಕೆ ನೀಲಿ ದೀಪ ಬಂತು, ಫೋನಿನಿಂದ ಹಾಡು ಹೊರಟಿತು.

ಆಪರೇಟರ್ ಪರದೆಯನ್ನು ನೋಡಿದರು. ಮಡಿಕೆ ಮಡಿಕೆಯಾಗಿ ಇಳಿಬಿದ್ದಿರುವುದನ್ನು ನೋಡಿದರು. ಕಿವಿಯ ಹಿಂದೆ ಕೈಯಿಟ್ಟು ಹಾಡು ಕೇಳಿಸಿಕೊಂಡರು. ಅಕ್ಕ ಉಸಿರು ಹಿಡಿದಿದ್ದಳು. ಹೇಳಿಬಿಡುತ್ತೇನೆ, ಆಮೇಲೆ ಏನಾಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

"ಜನ ಹೇಗಿದಾರೆ ಸಾರ್?" ಎಂದರು.

"ಪರವಾಗಿಲ್ಲ," ಅಂದಳು ಅಕ್ಕ.

"ಹಾಗಾದ್ರೆ ನಾನು ಒಂದು ತುತ್ತು ತಿಂದ್ಬಿಡ್ಲಾ?"

ತಟ್ಟೆಯನ್ನು ಅವರೇ ತೊಡೆಯ ಮೇಲೆ ಎಳೆದುಕೊಂಡರು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಅವಸರವಿಲ್ಲದೆ, ಒಂದೊಂದೇ ತುಂಡು ತಿಂದರು. ಆ ಹೊತ್ತಿಗೆ ತಮ್ಮ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲಿಟ್ಟಿದ್ದ ಬ್ಯಾಗನ್ನು ನೋಡಿದ, ಪರದೆಯನ್ನು ನೋಡಿದ, ಊಟ ಮಾಡುತ್ತಿರುವ ಅಪ್ಪನನ್ನು ನೋಡಿದ.

"ಏನಕ್ಕಾ ಇದು?"

ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಪರೇಟರ್ ತಲೆಯೆತ್ತಿ ಮಗನನ್ನು ನೋಡಿದರು. ಗುರುತು ಸಿಗಲಿಲ್ಲ. ಗುರುತಿಲ್ಲದವರ ಜೊತೆ ಮಾತಾಡುವ ಮರ್ಯಾದೆಯಲ್ಲಿ ಹೇಳಿದರು.

"ಬಾಗ್ಲಲ್ಲಿ ನಿಂತ್ಕೋಬೇಡಿ. ಮುಂದೆ ಜಾಗ ಇದೆ, ಹೋಗಿ ಕೂತ್ಕೊಳ್ಳಿ."

ಅಪ್ಪನ ಥಿಯೇಟರಿನಲ್ಲಿ ತಮ್ಮನಿಗೆ ಯಾವಾಗಲೂ ಮುಂದೆ ಜಾಗ ಇರುತ್ತಿತ್ತು, ಟಿಕೆಟ್ ಇಲ್ಲದೆ. ಶೂ ಬಿಚ್ಚಿ ಬಂದು ಪರದೆಯ ಮುಂದೆ ನೆಲದ ಮೇಲೆ ಕಾಲು ಮಡಿಚಿ ಕೂತ. ಲಿಫ್ಟುಗಳನ್ನೆಲ್ಲ ಹತ್ತಿಸಿ ಇಳಿಸುವ ಆ ದೊಡ್ಡ ಗಂಡಸು ಅಲ್ಲಿ ಚಿಕ್ಕವನಾಗಿ ಕಂಡ.

ತಟ್ಟೆ ಖಾಲಿಯಾಯಿತು. ಆಪರೇಟರ್ ಬಾಯಿ ಒರೆಸಿಕೊಂಡು ತಲೆಯನ್ನು ಕುರ್ಚಿಗೆ ಒರಗಿಸಿದರು. ರೆಪ್ಪೆ ಅರ್ಧ ಇಳಿಯಿತು. ಅಷ್ಟರಲ್ಲಿ ಏನೋ ನೆನಪಾಗಿ ಕಣ್ಣು ತೆರೆದರು.

"ಸಾರ್, ಬೆಲ್ ಹೊಡೀಲಾ? ಶುರು ಮಾಡೋಣ್ವಾ?"

ಅಕ್ಕನಿಗೆ ಗೊತ್ತು, ಹೂಂ ಅಂದರೆ ಪರದೆ ಏಳಬೇಕು, ಚಿತ್ರ ಬರಬೇಕು, ನಿದ್ದೆ ಹೋಯಿತು. ಇವತ್ತು ಆಟ ಇಲ್ಲ ಅಂದರೆ ಅವರು ಎದ್ದು ಮನೆ ಹುಡುಕಿಕೊಂಡು ರಸ್ತೆಗೆ ಹೊರಡುತ್ತಾರೆ. ಅವಳು ಕುರ್ಚಿಯ ಪಕ್ಕ ಬಗ್ಗಿ, ಆ ಮುಕ್ಕಾಲು ಹೋದ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

"ಇರಿ ಆಪರೇಟ್ರೇ. ಜನ ಇನ್ನೂ ಬರ್ತಿದಾರೆ."

"ಬರ್ಲಿ, ಬರ್ಲಿ. ನಿಧಾನಕ್ಕೆ ಬರ್ಲಿ," ಎಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗೊರಕೆ ಹಾಡಿಗಿಂತ ಜೋರಾಯಿತು.

೧೦

ಈಗ ಮುಗಿಸಬೇಕು. ನನ್ನ ಹತ್ತಿರ ಮುಕ್ತಾಯಗಳಿಗೇನೂ ಬರವಿಲ್ಲ. ಸೋಮವಾರ ಲಾಡ್ಜಿನವರು ಬಂದು ಪರದೆ ಒಯ್ಯುತ್ತಾರೆ, ಎಲ್ಲ ಮೊದಲಿನ ಹಾಗೇ ಆಗುತ್ತದೆ ಎನ್ನಬಹುದು. ಅಥವಾ ಅಕ್ಕ ತಾನೇ ಒಂದು ಕೆಂಪು ಪರದೆ ಹೊಲಿಸುತ್ತಾಳೆ, ತಮ್ಮ ಅದನ್ನು ಎಳೆಯಲು ರಾಟೆ ಹಾಕಿಕೊಡುತ್ತಾನೆ. ಅಥವಾ ಆಪರೇಟರಿಗೆ ಪರದೆಯೂ ಮರೆತುಹೋಗಿ, ಬ್ಯಾಗು ಮತ್ತೆ ಬಾಗಿಲಿಗೆ ಬರುತ್ತದೆ. ಮೂರೂ ಆ ಮೆಟ್ಟಿಲ ಮೇಲೆ ಸಾಲಾಗಿ ಕಾಯುತ್ತ ನಿಂತಿವೆ, ಯಾವುದನ್ನು ಒಳಗೆ ಬಿಡಬೇಕೋ ನನಗೆ ತಿಳಿಯುತ್ತಿಲ್ಲ.

"ಅಕ್ಕಾ," ತಮ್ಮ ಪಿಸುಗುಟ್ಟಿದ. "ಹೀಗೆ ಎಷ್ಟು ದಿನ ನಡೆಯುತ್ತೆ?"

"ಗೊತ್ತಿಲ್ಲ ಕಣೋ. ಆ ಬ್ಯಾಗ್ ಒಳಗಿಡು, ಯಾರಾದ್ರೂ ಎಡವ್ತಾರೆ."

ಅವನು ಎದ್ದು ಬ್ಯಾಗನ್ನು ಒಳಗೆ ತಂದ. ಬಿಚ್ಚಲಿಲ್ಲ, ಹೊರಗೂ ಒಯ್ಯಲಿಲ್ಲ, ಸೋಫಾದ ಪಕ್ಕ ಇಟ್ಟ.

ನಾನು ಇನ್ನು ತಡೆಯಲಾರದೆ ಅಕ್ಕನ ಕಿವಿಯಲ್ಲಿ ಕೇಳಿದೆ, "ಈಗಲಾದ್ರೂ ಹೇಳಿ, ಕಥೇನ ಹೇಗೆ ಮುಗಿಸ್ಲಿ?"

"ಮಲಗಿದಾರೆ. ಸದ್ದು ಮಾಡ್ಬೇಡಿ," ಎಂದಳು. "ನೀವೂ ಅವನ ಪಕ್ಕ ಕೂತ್ಕೊಳ್ಳಿ."

ಕೂತೆ. ಎದುರಿಗೆ ಕೆಂಪು ಪರದೆ, ಮೂಲೆಯಲ್ಲೊಂದು ಲಾಂಡ್ರಿಯ ಚೀಟಿ, ಚೀಟಿಗೊಂದು ಪಿನ್ನು. ಪರದೆಯ ಹಿಂದೆ ಆರಿದ ಟೀವಿ. ಹಾಡು ಬರುತ್ತಿದೆ. ತಮ್ಮ ಸ್ವಲ್ಪ ಸರಿದು ಜಾಗ ಬಿಟ್ಟ. ನೀವೂ ಬಾಗಿಲಲ್ಲಿ ನಿಲ್ಲಬೇಡಿ, ಚಪ್ಪಲಿ ಬಿಚ್ಚಿ ಮೆಲ್ಲಗೆ ಬನ್ನಿ. ಮುಂದೆ ಇನ್ನೂ ಜಾಗ ಇದೆ.